‘ಟಾರ್ಚ್ ಮಾಡಿಂಗ್ ಸ್ಟಾರ್ಟರ್ ಕಿಟ್’ ತಗೊಳ್ಳೋಕೆ ಮುಂಚೆ ಇದನ್ನು ಓದಿ

ಟಾರ್ಚ್ ಬಿಚ್ಚಿ ಒಳಗೆ ಬೇರೆ ಎಲ್‌ಇಡಿ, ಬೇರೆ ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪುಟ್ಟ ಬೋರ್ಡ್) ಹಾಕುವ ‘ಮಾಡಿಂಗ್’ ಹುಚ್ಚು ಹೊಸದಾಗಿ ಹತ್ತಿದೆಯಾ? ಹಾಗಿದ್ದರೆ ದಯವಿಟ್ಟು ಓದಿ. ಇನ್‌ಸ್ಟಾಗ್ರಾಂನಲ್ಲಿ ‘ಬಿಗಿನರ್ ಕಿಟ್, ಎಲ್ಲಾ ಒಂದೇ ಡಬ್ಬದಲ್ಲಿ’ ಅಂತ ಮಾರುವ ಪೇಜ್ ಕಣ್ಣಿಗೆ ಬಿದ್ದರೆ ಮುಟ್ಟಬೇಡಿ. ನಾನು 3,200 ರೂಪಾಯಿ ಕೊಟ್ಟು ಕೂತಿದ್ದೇನೆ. ಬರೆಯುವಾಗಲೂ ಮೈ ಉರಿಯುತ್ತಿದೆ, ಅದಕ್ಕೇ ಹಿಂದುಮುಂದಾದರೆ ಬೇಜಾರು ಮಾಡ್ಕೋಬೇಡಿ.

ಆ ಪೇಜಿನವನು ಪೋಸ್ಟ್‌ನಲ್ಲಿ ಹಾಕಿದ್ದ ಪಟ್ಟಿ ನೋಡಿ. ಅಲ್ಯೂಮಿನಿಯಂ ಬಾಡಿ, ರಿಫ್ಲೆಕ್ಟರ್, ಗಾಜು. ತಾಮ್ರದ ಸ್ಟಾರ್ (ಎಲ್‌ಇಡಿ ಕೂರಿಸುವ ಪುಟ್ಟ ಲೋಹದ ತಟ್ಟೆ) ಮೇಲೆ ಕೂರಿಸಿದ ಒರಿಜಿನಲ್ ಕ್ರೀ ಕಂಪನಿಯ ಎಲ್‌ಇಡಿ. 7135 ಚಿಪ್ ಎಂಟು ಇರುವ 2.8 ಆಂಪ್ ಡ್ರೈವರ್. 9800 ಎಂಎಎಚ್‌ನ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) 18650 ಅಳತೆಯ ಲಿಥಿಯಂ ಸೆಲ್ ಎರಡು, ಚಾರ್ಜರ್. ಸೋಲ್ಡ್ರಿಂಗ್ ಐರನ್, ಲೆಡ್ (ಬೆಸುಗೆ ತಂತಿ), ಪೇಸ್ಟ್, ಮಲ್ಟಿಮೀಟರ್, ಚಿಮುಟ. ಬಿಡಿಬಿಡಿಯಾಗಿ ಹುಡುಕುವ ಕಷ್ಟ ಬೇಡ, ಒಂದೇ ಸಲ ಮುಗೀತು ಅಂತ ಅನ್ನಿಸುತ್ತೆ ಅಲ್ವಾ? ಅನ್ನಿಸಲಿ ಅಂತಲೇ ಹಾಗೆ ಬರೆದಿರೋದು.

ಗೊತ್ತಿರುವವರು 9800 ಅಂತ ಓದಿದ ತಕ್ಷಣ ನಕ್ಕಿರುತ್ತೀರಿ. ನಗಿ. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಬಿಗಿನರ್ ಕಿಟ್ ಅಂತ ಹೆಸರಿಟ್ಟಿರುವುದೇ ಗೊತ್ತಿಲ್ಲದವರನ್ನು ಹಿಡಿಯೋಕೆ.

ನನಗೆ ಇದು ಬೇಕಾಗಿದ್ದು ಊರಲ್ಲಿರುವ ಅಪ್ಪನಿಗೆ. ಅಡಿಕೆ ತೋಟಕ್ಕೆ ರಾತ್ರಿ ನೀರು ಬಿಡೋಕೆ ಹೋಗುತ್ತಾರೆ. ಅವರ ಹಳೇ ಬ್ಯಾಟ್ರಿ ಬೆಳಕು ಕಾಲಡಿಗೂ ಸಾಲದು. ನಾನೇ ಕೈಯಾರೆ ಒಂದು ಮಾಡಿ ಕೊಡುತ್ತೇನೆ ಅಂತ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಕೊನೆಗೆ ತೋಟದ ಅಂಚಿನಲ್ಲಿ ನಿಂತು ಸ್ವಿಚ್ ಒತ್ತಿದಾಗ ಒಂದು ಗಳಿಗೆ ಜೋರಾಗಿ ಬೆಳಗಿತು. ಆಮೇಲೆ ಮಂಕಾಗುತ್ತಾ ಹೋಯಿತು. ಬೆಳಕು ನೀಲಿಗೆ ಬೇರೆ ತಿರುಗಿತು. ಅಪ್ಪ ಏನೂ ಅನ್ನಲಿಲ್ಲ. ಜೇಬಿಂದ ತಮ್ಮ ಹಳೇ ಬ್ಯಾಟ್ರಿ ತೆಗೆದು ಮುಂದೆ ನಡೆದರು. ಬೈದಿದ್ದರೆ ಇದಕ್ಕಿಂತ ವಾಸಿ ಇತ್ತು.

ಮಂಕಾಗಿದ್ದು ಯಾಕೆ ಅಂತ ಮೊದಲು ಕಿಟ್ ಮಾರಿದವನನ್ನೇ ಕೇಳಿದೆ. ‘ಬ್ರೋ, ಸೋಲ್ಡ್ರಿಂಗ್ ಸರಿಯಾಗಿ ಮಾಡಿರಲ್ಲ, ಮತ್ತೆ ಮಾಡಿ ನೋಡಿ’ ಅಂದ. ಮತ್ತೆ ಮಾಡಿದೆ. ಅವನು ಕೊಟ್ಟ ಐರನ್‌ನ ತುದಿಗೆ ಲೆಡ್ ಅಂಟುವುದೇ ಇಲ್ಲ! ಕಾದ ಬಾಣಲೆ ಮೇಲಿನ ನೀರಿನ ಹನಿಯ ಹಾಗೆ ಗುಂಡಗಾಗಿ ಜಾರಿ ಕೆಳಗೆ ಬೀಳುತ್ತೆ. ತುದಿ ಕಪ್ಪಗಾಗಿಬಿಟ್ಟಿತ್ತು. ಎರಡೇ ಪಿನ್, ಅರ್ಥಿಂಗ್ ಇಲ್ಲ, ಕೈಗೆ ಜುಮ್ ಅನ್ನುತ್ತೆ. ಅದಕ್ಕೂ ಉತ್ತರ ಸಿದ್ಧ: ‘ಚಪ್ಪಲಿ ಹಾಕ್ಕೊಂಡು ಮಾಡಿ ಬ್ರೋ.’

ಆಮೇಲೆ ಎಲ್ಲವನ್ನೂ ಡಬ್ಬಕ್ಕೆ ತುಂಬಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಅಲ್ಲಿ ಸೆಲ್, ಚಾರ್ಜರ್ ಮಾರುವ ಒಂದು ಪುಟ್ಟ ಅಂಗಡಿ. ಯಜಮಾನರಿಗೆ ವಯಸ್ಸಾಗಿದೆ. ನನ್ನ ಸೆಲ್ ಕೈಗೆ ತಗೊಂಡರು. ಅದರ ಮೇಲೆ ಬರೆದಿದ್ದನ್ನು ಓದಲೂ ಇಲ್ಲ. ಅಂಗೈಯಲ್ಲಿ ಒಂದು ಸಲ ಮೇಲೆ ಕೆಳಗೆ ಆಡಿಸಿದರು, ಅಷ್ಟೇ. ‘ಏನಪ್ಪಾ, ಇದನ್ನ ಎಲ್ಲಿ ತಂದೆ?’ ಅಂದರು. ಆಮೇಲೆ ಒಳಗಿದ್ದ ಹುಡುಗನನ್ನು ಕೂಗಿದರು: ‘ಬಾರೋ ಇಲ್ಲಿ, 9800 ಬಂದಿದೆ ನೋಡು.’ ಹುಡುಗ ಬಂದು ನೋಡಿ ನಕ್ಕ. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೂ ನಕ್ಕ. ಏನು ಅಂತ ಗೊತ್ತಾಗದೆ ನಾನೂ ಸುಮ್ನೆ ಹಲ್ಲು ಕಿರಿದೆ. ಆ ಗಳಿಗೆ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತೆ.

ನನ್ನ ಎಡಗೈಗೆ ನನ್ನ ಸೆಲ್, ಬಲಗೈಗೆ ಅಂಗಡಿಯ ಒಂದು ಸೆಲ್ ಇಟ್ಟರು. ಎರಡೂ ನೋಡೋಕೆ ಒಂದೇ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆದರೆ ಬಲಗೈ ತಂತಾನೇ ಕೆಳಗೆ ಹೋಯಿತು. ತಕ್ಕಡಿ ಮೇಲೆ ಅವರದು 47 ಗ್ರಾಂ, ನನ್ನದು 28. ಸರಿಯಾದ 18650 ಸೆಲ್ ಸಾಮಾನ್ಯವಾಗಿ 45ರಿಂದ 50 ಗ್ರಾಂ ತೂಗುತ್ತೆ. ಆ ಅಳತೆಯ ಕೊಳವೆಯೊಳಗೆ ಒಳ್ಳೊಳ್ಳೆ ಕಂಪನಿಗಳೇ ತುಂಬಿಸುವುದು ಹೆಚ್ಚುಕಡಿಮೆ 3500 ಎಂಎಎಚ್. 9800 ಎಲ್ಲಿಂದ ಬರುತ್ತೆ? ಸೆಲ್ಲನ್ನು ಅಳತೆ ಮಾಡುವ ಚಾರ್ಜರ್‌ಗೆ ಹಾಕಿ ಮರುದಿನ ಫೋನ್ ಮಾಡಿದರು. 740 ಬಂದಿದೆಯಂತೆ. 9800 ಅಂತ ಬರೆದಿರೋದು, ಒಳಗಿರೋದು 740!

ಇಂಥ ಸೆಲ್‌ನಿಂದ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತೆ, ಟಾರ್ಚ್ ಮಂಕಾಗುತ್ತೆ. ಸೋಲ್ಡ್ರಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಎಷ್ಟು ರಾತ್ರಿ ಸುಮ್ನೆ ತಂತಿ ಕಿತ್ತು ಮತ್ತೆ ಹಚ್ಚಿದೆ ನಾನು!

ಈಗ ಅವನ ಉತ್ತರಗಳನ್ನು ನೋಡಿ. ತೂಕದ ಫೋಟೊ ಕಳಿಸಿದೆ. ಅರ್ಧ ದಿನ ಉತ್ತರ ಇಲ್ಲ. ಆಮೇಲೆ ಬಂತು:

‘ಬ್ರೋ, 9800 ಅನ್ನೋದು ಮಾಡೆಲ್ ನಂಬರ್. ಕೆಪಾಸಿಟಿ ಅಲ್ಲ.’

ಮಾಡೆಲ್ ನಂಬರ್! ಹಾಗಿದ್ದರೆ ಅದರ ಮುಂದೆ ಎಂಎಎಚ್ ಅಂತ ಯಾಕೆ ಬರೆದಿದೆ ಅಂದೆ. ‘ಅದು ಫ್ಯಾಕ್ಟರಿಯವರು ಹಾಕೋದು, ನಮಗೆ ಗೊತ್ತಿಲ್ಲ.’ ಪೋಸ್ಟ್‌ನಲ್ಲಿ ನೀವೇ ಬರೆದಿದ್ದೀರಲ್ಲ ಸರ್ ಅಂದೆ. ಹೌದು, ಅಲ್ಲಿಯವರೆಗೂ ಅವನಿಗೆ ಸರ್ ಅಂತಲೇ ಹೇಳುತ್ತಿದ್ದೆ. ಅದಕ್ಕೆ ಒಂದು ಕೈ ಮುಗಿಯುವ ಇಮೋಜಿ ಬಂತು.

ಸರಿ, ಡ್ರೈವರ್ ಕಥೆ ಕೇಳಿದೆ. ಒಂದೊಂದು 7135 ಚಿಪ್ 350 ಮಿಲಿಆಂಪ್ ಬಿಡುತ್ತೆ. ಎಂಟು ಇದ್ದರೆ 2.8 ಆಂಪ್. ನನಗೆ ಬಂದ ಬೋರ್ಡಿನ ಒಂದು ಬದಿ ನಾಲ್ಕು ಚಿಪ್ ಇದ್ದವು. ಇನ್ನೊಂದು ಬದಿ ನಾಲ್ಕು ಚಿಪ್ ಕೂರಿಸುವ ಜಾಗ ಹೊಳೆಯುತ್ತಾ ಖಾಲಿ ಬಿದ್ದಿತ್ತು. ಅಲ್ಲಿಗೆ 1.4 ಆಂಪ್, ಸರಿಯಾಗಿ ಅರ್ಧ. ಫೋಟೊ ಕಳಿಸಿದೆ. ಉತ್ತರ: ‘ಅದು ಬಿಗಿನರ್ ಸೇಫ್ಟಿ ವರ್ಷನ್ ಬ್ರೋ. ನಿಮ್ಮ ಒಳ್ಳೇದಕ್ಕೇ.’

ನಮ್ಮ ಒಳ್ಳೇದಕ್ಕಂತೆ. ದುಡ್ಡು ಮಾತ್ರ ಎಂಟು ಚಿಪ್ಪಿನದು.

ತಾಮ್ರದ ಸ್ಟಾರ್ ಅಂದಿದ್ದನಲ್ಲ, ಅದರ ಅಂಚನ್ನು ಬ್ಲೇಡಿನಲ್ಲಿ ಕೆರೆದೆ. ಬೆಳ್ಳಗೆ ಹೊಳೆಯಿತು, ಅಲ್ಯೂಮಿನಿಯಂ. ಬಣ್ಣದ ವಿಷಯ ಅಲ್ಲ ಇದು. ಒಳ್ಳೇ ತಾಮ್ರದ ಸ್ಟಾರ್‌ನಲ್ಲಿ ಎಲ್‌ಇಡಿಯ ಹೊಟ್ಟೆ ನೇರ ತಾಮ್ರಕ್ಕೆ ತಾಗುತ್ತೆ, ಬಿಸಿ ಬೇಗ ಬಾಡಿಗೆ ಇಳಿಯುತ್ತೆ. ಅಗ್ಗದ ಅಲ್ಯೂಮಿನಿಯಂ ಸ್ಟಾರ್‌ನಲ್ಲಿ ನಡುವೆ ಬಿಸಿ ತಡೆಯುವ ಒಂದು ನಿರೋಧಕ ಪದರ ಇರುತ್ತೆ. ಅದರ ಮೇಲೆ, ಸ್ಟಾರ್ ಕೂರುವ ಪಿಲ್ (ಟಾರ್ಚ್ ತಲೆಯೊಳಗಿನ ಲೋಹದ ತುಂಡು) ಒಳಗಡೆ ಪೂರ್ತಿ ಟೊಳ್ಳು. ಸ್ಟಾರ್ ಬರೀ ಅಂಚಿನ ಮೇಲೆ ಕೂತಿದೆ. ಬಿಸಿ ಹೋಗೋದೆಲ್ಲಿಗೆ? ಅದಕ್ಕೇ ಬೆಳಕು ನೀಲಿಗೆ ತಿರುಗಿದ್ದು. ಅವನ ಉತ್ತರ: ‘ತಾಮ್ರ ಒಳಗಡೆ ಇದೆ.’ ಒಳಗಡೆ ಎಲ್ಲಿ ಅಂತ ಕೇಳಿದರೆ ಮೆಸೇಜ್ ನೋಡಿ ಉತ್ತರ ಕೊಡದೆ ಬಿಟ್ಟ.

ಚಾರ್ಜರ್ ಬಗ್ಗೆ ಮಾತ್ರ ತಮಾಷೆ ಇಲ್ಲ. ಎಸ್‌ಪಿ ರೋಡಿನ ಯಜಮಾನರು ಅದಕ್ಕೆ ತಮ್ಮ ಮೀಟರ್ ಹಿಡಿದು ನೋಡಿದರು. ಸೆಲ್ 4.2 ವೋಲ್ಟ್ ದಾಟಿದ ಮೇಲೂ ಕೆಂಪು ದೀಪ ಉರಿಯುತ್ತಲೇ ಇತ್ತು, ಚಾರ್ಜ್ ನಿಲ್ಲಲಿಲ್ಲ. ಲಿಥಿಯಂ ಸೆಲ್‌ಗೆ ಅದು ಮಿತಿ. ದಾಟಿದರೆ ಉಬ್ಬಬಹುದು, ಹೊತ್ತಿಕೊಳ್ಳಬಹುದು. ಇದನ್ನು ನಾನು ಊರಲ್ಲಿ ಅಪ್ಪ ಮಲಗುವ ಕೋಣೆಯ ಪ್ಲಗ್‌ಗೆ ರಾತ್ರಿಯಿಡೀ ಹಾಕಿಟ್ಟಿದ್ದೆ. ದುಡ್ಡು ಹೋಯಿತು ಅನ್ನೋದಕ್ಕಿಂತ ನನಗೆ ಸಿಟ್ಟು ಬಂದಿದ್ದು ಇಲ್ಲಿ. ಇದನ್ನೂ ಬರೆದು ಕಳಿಸಿದೆ. ‘ಇಷ್ಟು ದಿನ ಏನೂ ಆಗಿಲ್ವಲ್ಲ ಬ್ರೋ’ ಅಂತ ಬಂತು.

ದುಡ್ಡು ವಾಪಸ್ ಕೇಳಿದಾಗ ಹೊಸ ರಾಗ. ‘ಅನ್‌ಬಾಕ್ಸಿಂಗ್ ವಿಡಿಯೋ ಇದೆಯಾ?’ ಇದೆ ಅಂದೆ, ಕಳಿಸಿದೆ. ‘ಸೋಲ್ಡರ್ ಮಾಡಿದ ಐಟಂ ರಿಟರ್ನ್ ಇಲ್ಲ.’ ಸೋಲ್ಡರ್ ಮಾಡೋಕೇ ಅಲ್ವಾ ಕಿಟ್ ಮಾರಿದ್ದು! ಸೋಲ್ಡರ್ ಮಾಡದೆ ಡಬ್ಬದಲ್ಲೇ ಇಟ್ಟು ಪೂಜೆ ಮಾಡಬೇಕಿತ್ತಾ? ಸರಿ, ಸೆಲ್ ಮತ್ತು ಚಾರ್ಜರ್‌ಗೆ ಸೋಲ್ಡರ್ ಮುಟ್ಟಿಸಿಲ್ಲ, ಅವೆರಡನ್ನಾದರೂ ತಗೊಳ್ಳಿ ಅಂದೆ. ‘ಕಿಟ್ ಅಂದ್ರೆ ಫುಲ್ ಕಿಟ್ ರಿಟರ್ನ್ ಮಾಡಬೇಕು.’ ಬಿಲ್ ಕೊಡಿ ಅಂದೆ. ಅಲ್ಲಿಗೆ ಬ್ಲಾಕ್.

ಇಷ್ಟಾದರೂ ಈ ಕೆಲಸ ಬಿಡಲಿಲ್ಲ. ಬೇರೆ ಸಾಮಾನು ತಂದು ಅಪ್ಪನಿಗೆ ಒಂದು ಮಾಡಿ ಕೊಟ್ಟೆ. ಹೊಸದಾಗಿ ಶುರು ಮಾಡುವವರು ಕಿಟ್ ಅನ್ನೋ ಹೆಸರಿರುವ ಯಾವುದನ್ನೂ ತಗೋಬೇಡಿ, ಬಿಡಿಬಿಡಿಯಾಗಿ ತಗೊಳ್ಳಿ. ಸೆಲ್ ತಗೊಂಡರೆ ಮೊದಲು ತೂಕ ಹಾಕಿ, ಅಂಗಡಿಯವರು ತೂಕ ಹಾಕೋಕೆ ಬಿಡದಿದ್ದರೆ ಎದ್ದು ಬನ್ನಿ. ಸೆಲ್ ಮತ್ತು ಚಾರ್ಜರ್‌ನಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಮೂರು ಪಿನ್ನಿನ, ಬಿಸಿ ಹೊಂದಿಸಬಹುದಾದ ಐರನ್, ರೋಸಿನ್ (ಬೆಸುಗೆ ಹಿಡಿಯೋಕೆ ನೆರವಾಗುವ ರಾಳ) ಇರುವ 60/40 ಲೆಡ್ (60 ಪಾಲು ತವರ, 40 ಪಾಲು ಸೀಸ) ಸಾಕು. ಕಿಟ್‌ನಲ್ಲಿ ಬಂದ ಪೇಸ್ಟ್ ಹಚ್ಚಿದ ತಂತಿ ಹಸಿರುಗಟ್ಟಿದೆ, ಅದೇನು ಆಸಿಡ್ಡೋ ಏನೋ, ಎಸೆದೆ. ಮಲ್ಟಿಮೀಟರ್‌ನ 10 ಆಂಪ್ ತೂತಿನಲ್ಲಿ ಪ್ರೋಬ್ ಇಟ್ಟುಕೊಂಡು ಸೆಲ್‌ನ ಎರಡು ತುದಿ ಮುಟ್ಟಿಸಬೇಡಿ, ಅದು ನೇರ ಶಾರ್ಟ್. ಕಿಟ್‌ನ ಜೊತೆ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದೇ ಫೋಟೊಗಳು ಈಗ ಬೇರೆ ಹೆಸರಿನ ಪೇಜ್‌ನಲ್ಲಿ ಕಾಣಿಸುತ್ತಿವೆ, ಬೆಲೆ ಮಾತ್ರ ಜಾಸ್ತಿ. ನಿಮಗೂ ಹೀಗೇ ಆಗಿದ್ದರೆ ಯುಪಿಐ ರಸೀದಿ ಇಟ್ಟುಕೊಳ್ಳಿ, ಮಾತುಕತೆಯ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಅವನು ತನ್ನ ಕಡೆಯ ಮೆಸೇಜ್‌ಗಳನ್ನು ಒಂದೊಂದಾಗಿ ಅಳಿಸುತ್ತಾ ಬರುತ್ತಿದ್ದಾನೆ. ‘ಮಾಡೆಲ್ ನಂಬರ್’ ಅಂದಿದ್ದು ನನ್ನ ಹತ್ತಿರ ಭದ್ರವಾಗಿದೆ, ದೂರಿನ ಜೊತೆ ಯಾರಿಗಾದರೂ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.