ಶಿವಮೊಗ್ಗದಲ್ಲಿ ಮೊಟ್ಟೆ: ಸಗಟು ಅಂಗಡಿ, ಸೂಪರ್ ಮಾರ್ಕೆಟ್, ಕಿರಾಣಿ ಮತ್ತು ಸಂತೆ

ಮೊಟ್ಟೆಯ ಗುಣವನ್ನು ಅದರ ಬಣ್ಣವಾಗಲಿ ಪೆಟ್ಟಿಗೆಯಾಗಲಿ ಹೇಳುವುದಿಲ್ಲ. ಅದು ಅಂಗಡಿಯಲ್ಲಿ ಎಷ್ಟು ದಿನ ಕುಳಿತಿತ್ತು ಎಂಬುದೇ ಮುಖ್ಯ. ಶಿವಮೊಗ್ಗದಲ್ಲಿ ನಾಲ್ಕು ಬಗೆಯ ಕಡೆಗಳಿಂದ ತಂದು, ನೀರಿನಲ್ಲಿ ಬಿಟ್ಟು, ತಟ್ಟೆಗೆ ಒಡೆದು ನೋಡಿದ ಮೇಲೆ ನಾನು ಈ ಅಭಿಪ್ರಾಯಕ್ಕೆ ಬಂದಿದ್ದೇನೆ. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ತೇವಾಂಶ ಹೊರಹೋಗಿ ಒಳಗಿನ ಗಾಳಿಯ ಜಾಗ ಹಿಗ್ಗುವುದರಿಂದ, ತಾಜಾ ಮೊಟ್ಟೆ ನೀರಿನ ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರ ಹಳೆಯದು ತೇಲುತ್ತದೆ. ಒಡೆದಾಗ ತಾಜಾ ಮೊಟ್ಟೆಯ ಹಳದಿ ಗುಂಡಗೆ ಎತ್ತರವಾಗಿ ನಿಲ್ಲುತ್ತದೆ, ಬಿಳಿಯ ಲೋಳೆ ಅದನ್ನು ಗಟ್ಟಿಯಾಗಿ ಸುತ್ತುವರಿದಿರುತ್ತದೆ.

ಈ ಪರೀಕ್ಷೆಯಲ್ಲಿ ಪ್ರತಿಸಲವೂ ನೆಚ್ಚಿಕೆ ಉಳಿಸಿಕೊಂಡದ್ದು ಮೂವತ್ತರ ಟ್ರೇ ಲೆಕ್ಕದಲ್ಲಿ ಮಾರುವ ಸಗಟು ಅಂಗಡಿ. ಬೇಕರಿಯವರು, ಹೋಟೆಲಿನವರು, ಎಗ್ ರೈಸ್ ಗಾಡಿಯವರು ಎಲ್ಲರೂ ಅಲ್ಲಿಯೇ ಕೊಳ್ಳುವುದರಿಂದ ಸರಕು ನಿಲ್ಲುವುದಿಲ್ಲ. ಚಿಪ್ಪಿನ ಮೇಲೆ ಹಿಕ್ಕೆಯ ಕಲೆ ಇರುವುದುಂಟು, ಬಿರುಕು ಬಿಟ್ಟವೂ ಸೇರಿರುತ್ತವೆ. ಆರಿಸಿಕೊಳ್ಳಲು ಸಂಕೋಚ ಪಡಬಾರದು.

ಸೂಪರ್ ಮಾರ್ಕೆಟ್ಟಿನ ಆರರ ಪೆಟ್ಟಿಗೆ ನೋಡಲು ಚೊಕ್ಕಟ, ಆದರೆ ನಾನು ತಂದವುಗಳಲ್ಲಿ ಹಲವು ಒಡೆದಾಗ ನೀರಾಗಿ ಹರಡಿದವು. ಪೆಟ್ಟಿಗೆಯ ಮೇಲಿನ ತಾರೀಖು ಪ್ಯಾಕ್ ಮಾಡಿದ ದಿನದ್ದಾಗಿದ್ದರೆ ಕೋಳಿ ಇಟ್ಟ ದಿನ ಅದರಿಂದ ತಿಳಿಯುವುದಿಲ್ಲ. ಕಂದು ಚಿಪ್ಪಿಗೆ ಹೆಚ್ಚು ಬೆಲೆ ತೆರುವುದಕ್ಕೂ ನನಗೆ ಕಾರಣ ಕಾಣುವುದಿಲ್ಲ, ಏಕೆಂದರೆ ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ.

ಮನೆಯ ಹತ್ತಿರದ ಕಿರಾಣಿ ಅಂಗಡಿ ಅವಸರಕ್ಕೆ ಸಾಕು; ಬಿಸಿಲು ಬೀಳುವ ಜಾಗದಲ್ಲಿ ಟ್ರೇ ಇಟ್ಟಿದ್ದರೆ ಕೊಳ್ಳಬೇಡಿ.

ಸಂತೆಯ ನಾಟಿ ಮೊಟ್ಟೆಯ ಮಾತು ಬೇರೆ. ಅಡಿಕೆ ತೋಟದಲ್ಲಿ ಹುಳ, ಸೊಪ್ಪು ಹೆಕ್ಕಿ ತಿಂದ ಕೋಳಿಯ ಮೊಟ್ಟೆಯ ಹಳದಿ ಕೇಸರಿಗೆ ತಿರುಗಿರುತ್ತದೆ, ಬಿಳಿಗೆ ಹೋಲಿಸಿದರೆ ಅದರ ಪಾಲೂ ಹೆಚ್ಚು, ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಮನೆಯವರು ಸಂತೆಯ ದಿನದವರೆಗೆ ಕೂಡಿಡುವುದರಿಂದ ಒಂದೇ ಬುಟ್ಟಿಯಲ್ಲಿ ನಿನ್ನೆಯದೂ ಹಳೆಯದೂ ಬೆರೆತಿರುತ್ತವೆ. ಹುಂಜವಿರುವ ಹಿಂಡಿನ ಮೊಟ್ಟೆ ಕಾವು ತಗುಲಿದ್ದರೆ ಒಳಗೆ ರಕ್ತನಾಳ ಮೂಡಿರಬಹುದು. ಮೊಬೈಲ್ ಟಾರ್ಚ್ ಹಿಡಿದರೆ ಅದು ಕಾಣುತ್ತದೆ. ತೂಕವನ್ನೂ ಗಮನಿಸಿ: ನಾಟಿ ಮೊಟ್ಟೆ ಸುಮಾರು 40 ಗ್ರಾಂ ಇರುತ್ತದೆ. 50 ಗ್ರಾಂ ದಾಟಿದ ಕಂದು ಮೊಟ್ಟೆ ಬಹುಶಃ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿಯದು. ಅದೂ ಒಳ್ಳೆಯದೇ, ಆದರೆ ನಾಟಿಯ ಬೆಲೆಗೆ ಕೊಳ್ಳಬೇಕಾಗಿಲ್ಲ.

ಹೀಗಾಗಿ ದಿನಬಳಕೆಗೆ ಸಗಟು ಅಂಗಡಿಯ ಟ್ರೇ, ಬಾಣಂತಿಗೆ ಅಥವಾ ಮಕ್ಕಳಿಗೆ ಬೇಕಾದಾಗ ಪರಿಚಯದ ತೋಟದ ಮನೆಯ ನಾಟಿ ಮೊಟ್ಟೆ ಎಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿದೆ. ಎಲ್ಲಿಂದ ತಂದರೂ ಮಲೆನಾಡಿನ ಮಳೆಗಾಲದಲ್ಲಿ ತೊಳೆದು ಇಡಬೇಡಿ, ತೊಳೆದರೆ ಚಿಪ್ಪಿನ ರಕ್ಷಣೆಯ ತೆಳುಪೊರೆ ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿಟ್ಟು, ಅಡುಗೆಗೆ ತೆಗೆದುಕೊಳ್ಳುವಾಗ ತೊಳೆದರೆ ಸಾಕು.