ಜೆಂಕೋಜಿ ದಾರಿಯ ಏಳು ರುಚಿಯ ಪುಡಿ: ನಾಲ್ಕು ವರ್ಷ ಬಳಸಿದ ಮೇಲೆ

ಕೆಲಸದ ನಿಮಿತ್ತ ಜಪಾನಿನ ನಾಗಾನೊ ನಗರಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಕೊಂಡ ಯಾವಾತಾಯಾ ಇಸೊಗೊರೊ ಅಂಗಡಿಯ ಶಿಚಿಮಿ ತೊಗರಾಶಿ ಎಂಬ ಏಳು ಪದಾರ್ಥಗಳ ಮಸಾಲೆ ಪುಡಿ, ನಾಲ್ಕು ವರ್ಷಗಳಾದರೂ ನಮ್ಮ ಊಟದ ಮೇಜಿನಿಂದ ಕದಲಿಲ್ಲ. 1736ರಲ್ಲಿ ಆರಂಭವಾಗಿ ಒಂದೇ ಮನೆತನದ ಕೈಯಲ್ಲಿ ಉಳಿದುಬಂದಿರುವ ಈ ಅಂಗಡಿ ಜೆಂಕೋಜಿ ದೇವಾಲಯಕ್ಕೆ ಹೋಗುವ ದಾರಿಯಲ್ಲೇ ಇದೆ. ದೇವಾಲಯದ ಚಿತ್ರವಿರುವ ಅದರ ತಗಡಿನ ಡಬ್ಬಿ 1924ರಿಂದ ಬಳಕೆಯಲ್ಲಿದ್ದು, ಊರಿನ ಸೋಬಾ (ಹುರುಳಿಯಂಥ ಬಕ್‌ವೀಟ್ ಹಿಟ್ಟಿನ ಶಾವಿಗೆ) ಅಂಗಡಿಗಳಲ್ಲೆಲ್ಲ ಕಣ್ಣಿಗೆ ಬೀಳುತ್ತದೆ.

ಖಾರಕ್ಕಾಗಿ ಇದನ್ನು ಕೊಳ್ಳುವವರಿಗೆ ನಿರಾಸೆಯಾಗಬಹುದು, ಏಕೆಂದರೆ ನಮ್ಮ ಬಾಯಿಗೆ ಇದರ ಖಾರ ಏನೂ ಅಲ್ಲ. ಇದರ ಹೆಚ್ಚುಗಾರಿಕೆ ಇರುವುದು ಪರಿಮಳದಲ್ಲಿ. ಒಣಮೆಣಸು, ಎಳ್ಳು, ಶುಂಠಿ, ಒಣಗಿಸಿದ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ, ಶಿಸೊ ಎಂಬ ಪರಿಮಳದ ಎಲೆ, ಭಂಗಿ ಗಿಡದ ಬೀಜ, ನಾಲಿಗೆ ಜುಮ್ಮೆನ್ನಿಸುವ ಸಾನ್ಶೊ ಎಂಬ ಮಸಾಲೆ, ಇವೇ ಆ ಏಳು. ಕ್ಯೋಟೋದ ಪ್ರಸಿದ್ಧ ಮಿಶ್ರಣದಲ್ಲಿ ಶುಂಠಿಯ ಬದಲು ಹಸಿರು ಕಡಲಪಾಚಿ ಇರುತ್ತದೆ. ಹಿಮ ಬೀಳುವ ನಾಗಾನೊದಲ್ಲಿ ಶುಂಠಿಯೇ ಹಿತವೆಂದು ನನ್ನ ನಾಲಿಗೆ ಹೇಳುತ್ತದೆ. ಸಾನ್ಶೊ ನಮ್ಮ ಕರಾವಳಿಯ ಜುಮ್ಮನಕಾಯಿಯ ಕುಲಕ್ಕೇ ಸೇರಿದ ಗಿಡ. ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಅಂಗೈಗೆ ಚೂರು ಸುರಿದುಕೊಂಡು ನಾಲಿಗೆಗೆ ಹಚ್ಚಿ, "ಇದಕ್ಕೆ ಜುಮ್ಮನಕಾಯಿ ಹಾಕಿದ್ದಾರಲ್ಲ" ಎಂದಾಗ ನನಗಾದ ಸಂತೋಷವನ್ನು ಹೇಳತೀರದು.

ಸಸ್ಯಾಹಾರಿಯಾದ ನನಗೆ ಇಲ್ಲಿನ ಹೊರಗಿನ ಊಟ ಕಷ್ಟ, ಸೋಬಾದ ಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ಸತ್ವ ಇದ್ದೇ ಇರುತ್ತದೆ. ಹಾಗಾಗಿ ರಾತ್ರಿ ಮನೆಗೆ ಬಂದು ಕೊಂಬು ಕಡಲಪಾಚಿ ಮತ್ತು ಒಣ ಅಣಬೆಯನ್ನು ನೆನೆಸಿದ ನೀರಿನಲ್ಲೇ ಸಾರು ಕುದಿಸಿ, ಸೋಬಾ ಹಾಕಿ, ಒಲೆ ಆರಿಸಿದ ಮೇಲೆ ಬಟ್ಟಲಿನ ಮೇಲೆ ಡಬ್ಬಿಯನ್ನು ಮೂರು ಬಾರಿ ತಟ್ಟುತ್ತೇನೆ. ಹಬೆಯೊಂದಿಗೆ ಮೊದಲು ಸಿಪ್ಪೆಯ ವಾಸನೆ ಏಳುತ್ತದೆ. ನಮ್ಮ ಕಿತ್ತಳೆ ಸಿಪ್ಪೆ ಗೊಜ್ಜನ್ನು ಕುದಿಸುವಾಗ ಬರುವಂಥದ್ದೇ. ಆಮೇಲೆ ಭಂಗಿ ಬೀಜ ಹಲ್ಲಿಗೆ ಸಿಕ್ಕಿ ಚಟ್ಟೆಂದು ಒಡೆಯುತ್ತದೆ, ಕೊನೆಗೆ ತುಟಿಯ ಅಂಚು ಸಣ್ಣಗೆ ಜುಮ್ಮೆನ್ನುತ್ತದೆ. ಮೊಸರನ್ನಕ್ಕೂ ಇದು ಚೆನ್ನಾಗಿ ಹೊಂದುತ್ತದೆ.

ಆದರೆ ಎರಡನೆಯ ವರ್ಷ ಈ ಪುಡಿಯ ಮೇಲೆ ನನಗೆ ಬೇಸರ ಬಂದಿತ್ತು. ಹದಿನಾಲ್ಕು ಗ್ರಾಂ ಡಬ್ಬಿ ನಮ್ಮಂಥ ಮನೆಗೆ ಯಾವ ಮೂಲೆಗೆ ಸಾಕಾದೀತು ಎಂದು ಲೆಕ್ಕ ಹಾಕಿ ಹಲವು ಚೀಲಗಳನ್ನು ಒಮ್ಮೆಗೇ ತಂದು, ಎಲ್ಲವನ್ನೂ ಗಾಜಿನ ಭರಣಿಗೆ ಸುರಿದು ಒಲೆಯ ಪಕ್ಕದಲ್ಲಿಟ್ಟೆ. ತಿಂಗಳೊಂದು ಕಳೆಯುವಷ್ಟರಲ್ಲಿ ಶಿಸೊ ಮತ್ತು ಸಿಪ್ಪೆಯ ವಾಸನೆ ಹಾರಿಹೋಯಿತು. ಎರಡು ತಿಂಗಳಾದಾಗ ಉಳಿದದ್ದು ಮೆಣಸಿನಪುಡಿ ಮತ್ತು ಎಳ್ಳಿನ ಪುಡಿ ಮಾತ್ರ, ಅದಕ್ಕಾದರೆ ಊರಿನಿಂದ ತಂದ ಚಟ್ನಿಪುಡಿಯೇ ಸಾಕಿತ್ತು. ಮುಕ್ಕಾಲು ಭರಣಿ ವ್ಯರ್ಥವಾದದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ತಪ್ಪು ಪುಡಿಯದ್ದಲ್ಲ, ಇಟ್ಟ ರೀತಿಯದ್ದು. ಪರಿಮಳವೇ ಜೀವಾಳವಾದ ಪದಾರ್ಥಕ್ಕೆ ಬೆಳಕು, ಬಿಸಿ, ಗಾಳಿ ಮೂರೂ ಶತ್ರುಗಳು. ಜಿಪುಣತನವೆಂದು ನಾನು ತಿಳಿದಿದ್ದ ಸಣ್ಣ ಡಬ್ಬಿ ನಿಜಕ್ಕೂ ಸರಿಯಾದ ಅಳತೆ: ಇಬ್ಬರು ದಿನವೂ ಬಳಸಿದರೆ, ವಾಸನೆ ಕುಂದುವ ಮೊದಲೇ ಅದು ಖಾಲಿಯಾಗಿರುತ್ತದೆ. ಈಗ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಮುಗಿದ ವಾರವೇ ಅಂಗಡಿಗೆ ನಡೆದು ಹೋಗಿ ಒಂದನ್ನೇ ತರುತ್ತೇನೆ. ಗ್ರಾಂ ಲೆಕ್ಕದಲ್ಲಿ ದುಬಾರಿಯೇ, ಆದರೂ ಒಂದು ಡಬ್ಬಿಯ ಬೆಲೆ ಹೊರಗಿನ ಒಂದು ಊಟಕ್ಕಿಂತ ಕಡಿಮೆ. ಪ್ರವಾಸಕ್ಕೆ ಬಂದವರು ಊರಿನವರಿಗೆ ಒಯ್ಯುವುದಾದರೆ ಮನೆಗೊಂದರಂತೆ ಸೀಲು ಒಡೆಯದ ಡಬ್ಬಿಯನ್ನೇ ಒಯ್ಯಿರಿ, ಮತ್ತು ಸಾರು ಕುದಿಯುವಾಗ ಹಾಕದೆ ಬಡಿಸಿದ ಮೇಲೆಯೇ ಉದುರಿಸಬೇಕೆಂದು ಅವರಿಗೆ ತಪ್ಪದೆ ಹೇಳಿ.