ಶಾಲೆಗೆ ಹಣ ಕೂಡಿಸಲು: ಮೇಳವೋ, ಪತ್ರವೋ, ನಡಿಗೆಯೋ?

ಸಣ್ಣ ಖಾಸಗಿ ಶಾಲೆಗೆ ಮೇಳ ಮಾಡೋಣವಾ, ಪೋಷಕರಿಗೆ ಪತ್ರ ಬರೆದು ದೇಣಿಗೆ ಕೇಳೋಣವಾ, ಮಕ್ಕಳ ನಡಿಗೆ ಇಡೋಣವಾ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಪತ್ರವೇ ಹಗುರ. ಬಂದದ್ದು ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತದೆ. ಮೇಳದ ಸಂಜೆ ಡಬ್ಬಿ ತುಂಬಿತೆಂದು ಹಿಗ್ಗಬೇಡಿ. ಕುರ್ಚಿ, ಮೈಕು, ತಿಂಡಿ ಸಾಮಾನಿನ ಬಿಲ್ಲು ಕಳೆದ ಮೇಲೆ ಉಳಿದದ್ದೇ ಲಾಭ. ಮಳೆ ಬಂತೋ, ಕಥೆ ಮುಗೀತು.

ದುಡಿಮೆಯೂ ಮೇಳಕ್ಕೇ ಜಾಸ್ತಿ. ಸಣ್ಣ ಶಾಲೆಯಲ್ಲಿ ಅದು ಪ್ರತಿ ಸಲ ಅದೇ ನಾಲ್ಕೈದು ಜನರ ತಲೆಗೆ ಬೀಳುತ್ತದೆ, ಅಲ್ವಾ? ಆದರೆ ಗೇಟಿನ ಹತ್ತಿರ ಸುಮ್ನೆ ನಕ್ಕು ಹೋಗುತ್ತಿದ್ದ ಇಬ್ಬರು ಒಂದೇ ಬಕೆಟ್ಟಿನಲ್ಲಿ ಲೋಟ ತೊಳೆಯುತ್ತಾ ಗೆಳೆಯರಾಗುವುದು ಅಲ್ಲೇ. ಪತ್ರ ಆ ಕೆಲಸ ಮಾಡದು. ಫೀಸು ಕಟ್ಟಲೇ ಒದ್ದಾಡುವವರಿಗೆ ಅದರಿಂದ ಮುಜುಗರ ಬೇರೆ.

ನಡಿಗೆಯಲ್ಲಿ ಮಗು ಮೈದಾನಕ್ಕೆ ಹಾಕಿದ ಒಂದೊಂದು ಸುತ್ತಿಗೂ ಇಷ್ಟು ಹಣ ಎಂದು ನೆಂಟರು, ನೆರೆಯವರು ಕೊಡುತ್ತಾರೆ. ಹೊರಗಿನ ಹಣ ಬರುತ್ತದೆ. ಯಾರ ಮಗು ಎಷ್ಟು ತಂದಿತು ಎಂದು ಮಾತ್ರ ಬೋರ್ಡಿಗೆ ಹಾಕಬೇಡಿ.

ಚಾವಣಿ ಸೋರುತ್ತಿದ್ದು ಹಣ ಬೇಗ ಬೇಕಿದ್ದರೆ ಪತ್ರ. ಎಷ್ಟು ಬೇಕು, ಯಾಕೆ ಎಂದು ಬಿಡಿಸಿ ಬರೆಯಿರಿ. ಹೊಸ ಕುಟುಂಬಗಳು ಜಾಸ್ತಿ ಸೇರಿದ ವರ್ಷ ಮೇಳ. ಮೈದಾನವಿದೆ, ಕೆಲಸಕ್ಕೆ ಜನ ಕಮ್ಮಿ ಎಂದಾದರೆ ನಡಿಗೆ.